ಬೆಳೆಯುವ ಕಾಲಿಗೆ ನೀರಿಳಿಯದ ಬೂಟು

ಜೂನ್ ಬಂತೆಂದರೆ ಬೆಂಗಳೂರಿನ ಬಾಗಲಗುಂಟೆಯ ಚಪ್ಪಲಿ ಅಂಗಡಿಗಳಲ್ಲಿ ಕೇಳಿಬರುವುದು ಒಂದೇ ಮಾತು: "ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡದೇ ಕೊಡಿ." ಶಾಲೆಯ ಕಪ್ಪು ಶೂ ಇರಲಿ, ಪಿ.ಟಿ. ದಿನದ ಬಿಳಿ ಕ್ಯಾನ್ವಾಸ್ ಇರಲಿ, ಎರಡಕ್ಕೂ ಅದೇ ಲೆಕ್ಕ. ಮುಂಭಾಗಕ್ಕೆ ಒಂದಿಷ್ಟು ಹತ್ತಿ ತುರುಕಿದರೆ ಈ ವರ್ಷಕ್ಕೂ ಆಯಿತು, ಬರುವ ವರ್ಷಕ್ಕೂ ಆಯಿತು. ಮನೆಯಿಂದ ಸ್ಕೂಲ್ ಬಸ್ಸಿನವರೆಗೆ ನಡೆಯುವ ಕಾಲಿಗೆ ಆ ಲೆಕ್ಕದಿಂದ ತೊಂದರೆಯಿಲ್ಲ. ದಿನಕ್ಕೆ ಆರು ಗಂಟೆ ಒದ್ದೆ ಹುಲ್ಲಿನಲ್ಲಿ, ಬೆನ್ನ ಮೇಲೆ ಟೆಂಟು ಹೊತ್ತು ನಡೆಯುವ ಕಾಲಿಗೆ ಮಾತ್ರ ಅದು ಸಲ್ಲದು.

ಬ್ರಿಟನ್ನಿಗೆ ಬಂದ ಕುಟುಂಬಗಳಿಗೆ ಈ ವಿಷಯ ಸಾಮಾನ್ಯವಾಗಿ ತಿಳಿಯುವುದು ಮಗನೋ ಮಗಳೋ ಶಾಲೆಯಿಂದ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್‌ನ ಅರ್ಜಿ ಹಿಡಿದು ಬಂದ ದಿನ. ಇಲ್ಲಿಯ ಮಕ್ಕಳು ಅದನ್ನು ಚಿಕ್ಕದಾಗಿ 'ಡಿ ಆಫ್ ಇ' ಎನ್ನುತ್ತಾರೆ. 1956ರಲ್ಲಿ ಶುರುವಾದ ಈ ಕಾರ್ಯಕ್ರಮದ ಮೊದಲ ಹಂತ, ಬ್ರಾಂಜ್, ಹದಿನಾಲ್ಕರ ಆಸುಪಾಸಿನ ಮಕ್ಕಳದು. ಸೇವೆ, ವ್ಯಾಯಾಮ, ಕೌಶಲದ ಜೊತೆಗೆ ಎರಡು ಹಗಲು, ಒಂದು ರಾತ್ರಿಯ ಕಾಲ್ನಡಿಗೆಯೂ ಇದರಲ್ಲಿದೆ. ನಾಲ್ಕರಿಂದ ಏಳು ಮಕ್ಕಳ ತಂಡ ನಕ್ಷೆ ನೋಡಿಕೊಂಡು ದಾರಿ ಹುಡುಕಬೇಕು, ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು. ಸಿಲ್ವರ್‌ಗೆ ಮೂರು ದಿನ, ಗೋಲ್ಡ್‌ಗೆ ನಾಲ್ಕು. ಟೆಂಟು, ಬೆನ್ನುಚೀಲ, ಒಲೆಗಳನ್ನು ಅನೇಕ ಶಾಲೆಗಳು ಎರವಲು ಕೊಡುತ್ತವೆ. ಬೂಟು ಮಾತ್ರ ಸಾಮಾನ್ಯವಾಗಿ ಮನೆಯವರ ಜವಾಬ್ದಾರಿ.

ಮಳೆ ನಮಗೆ ಹೊಸತೇ ಎಂದು ಕೇಳುವವರಿದ್ದಾರೆ. ಹೊಸತಲ್ಲ ನಿಜ. ವರ್ಷದ ಲೆಕ್ಕದಲ್ಲಿ ಬೆಂಗಳೂರಿಗೆ ಲಂಡನ್ನಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಸುಮಾರು 970 ಮಿಲಿಮೀಟರ್, ಇಲ್ಲಿ ಸುಮಾರು 600. ಆಗುಂಬೆಯ ಏಳು ಸಾವಿರದ ಮುಂದಂತೂ ಎರಡೂ ಏನೇನೂ ಅಲ್ಲ. ಆದರೆ ಬೆಂಗಳೂರಿನ ಮಳೆ ಸಂಜೆ ರಪರಪ ಸುರಿದು ಬೆಳಿಗ್ಗೆಯ ಬಿಸಿಲಿಗೆ ಜಾಗ ಬಿಡುತ್ತದೆ. ಭಾನುವಾರ ತುಮಕೂರು ರಸ್ತೆ ಹಿಡಿದು, ದಾಬಸ್‌ಪೇಟೆಯಲ್ಲಿ ತಿರುಗಿ ಶಿವಗಂಗೆ ಹತ್ತಿದವರಿಗೆ ಕಾಲಡಿ ಸಿಕ್ಕಿದ್ದು ಒಣ ಬಂಡೆ. ಅಲ್ಲಿಗೆ ಮಾಮೂಲಿ ಸ್ಪೋರ್ಟ್ಸ್ ಶೂ ಸಾಕು. ಇಲ್ಲಿ ಮಳೆ ಜಿನುಗುವುದೇ ಹೆಚ್ಚು, ಚಳಿಗಾಲದ ಮಂಕು ಬಿಸಿಲಿಗೆ ನೆಲ ಆರುವುದೇ ಇಲ್ಲ. ಕಾಲುದಾರಿಗಳು ದನ, ಕುರಿ ತುಳಿದ ಹೊಲಗಳ ನಡುವೆಯೇ ಸಾಗುತ್ತವೆ. ಮಳೆ ಇಲ್ಲದ ದಿನವೂ ಮೊಣಕಾಲೆತ್ತರದ ಹುಲ್ಲಿನ ಇಬ್ಬನಿಯೇ ಅರ್ಧ ಗಂಟೆಯಲ್ಲಿ ಕ್ಯಾನ್ವಾಸ್ ಶೂವನ್ನು ತೊಯಿಸಿಬಿಡುತ್ತದೆ. ಒದ್ದೆಯಾದ ಚರ್ಮ ಮೆತ್ತಗಾಗುತ್ತದೆ, ಮೆತ್ತಗಾದ ಚರ್ಮವನ್ನು ಶೂ ಬೇಗ ಕಚ್ಚುತ್ತದೆ. ಮಕ್ಕಳು ನಡಿಗೆ ಅರ್ಧಕ್ಕೇ ಬಿಡಲು ಕಾಲಿನ ಬೊಬ್ಬೆಯೊಂದು ಸಾಕು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಗ್ಗದ ಉತ್ತರ ರಬ್ಬರಿನ ವೆಲ್ಲಿಂಗ್ಟನ್, ನಮ್ಮ ಕಾಫಿ ತೋಟಗಳ ಗಂಬೂಟು. ಈ ಹೆಸರಿಗೂ ಕನ್ನಡ ನಾಡಿಗೂ ನಂಟಿದೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿಗೆ ರಾತ್ರಿ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ ಹಿಂದೆ ಸರಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. ಟಿಪ್ಪು ಬಿದ್ದ ಮೇಲೆ ಪಟ್ಟಣದ ಉಸ್ತುವಾರಿ ಅವನ ಕೈಗೆ ಬಂತು. ದರಿಯಾ ದೌಲತ್‌ನಲ್ಲಿ ಅವನು ವಾಸವಿದ್ದ. ಲಂಡನ್ನಿನ ಹೋಬಿ ಎಂಬ ಬೂಟುಗಾರ ಅವನಿಗಾಗಿ ಹೊಲಿದದ್ದು ತೊಗಲಿನ ಬೂಟು. 1850ರ ದಶಕದಲ್ಲಿ ಅದೇ ಆಕಾರ ರಬ್ಬರಿಗೆ ಬಂತು. ತೋಟದ ಕೆಲಸಕ್ಕೆ, ಮೀನು ಹಿಡಿಯಲು, ಹೊಳೆ ದಂಡೆಯಲ್ಲಿ ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ, ಬೆಲೆಯೂ ಕಡಿಮೆ. ಆದರೆ ಅದು ಹಿಮ್ಮಡಿಯನ್ನು ಹಿಡಿದಿಡುವುದಿಲ್ಲ, ಬೆವರನ್ನೂ ಹೊರಗೆ ಬಿಡುವುದಿಲ್ಲ. ದೂರದ ನಡಿಗೆಗೆ ಅದನ್ನು ಹಾಕಿ ಕಳಿಸಬಾರದು.

ನಡಿಗೆಗೆ ಬೇಕಾದದ್ದು ಹರಡಿನ ಗಂಟು ಮುಚ್ಚುವ, ಒಳಗೆ ನೀರುತಡೆ ಪೊರೆ ಇರುವ ಬೂಟು. ಇಂಥ ಪೊರೆಗಳಲ್ಲಿ ಹೆಸರಾದದ್ದು ಗೋರ್-ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಫಟ್ಟನೆ ಎಳೆದಾಗ ಅದು ಹರಿಯದೆ ಹಿಗ್ಗಿತು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಅದರಲ್ಲಿ ತೆರೆದುಕೊಂಡವು. ನೀರಿನ ಹನಿ ಅವುಗಳಲ್ಲಿ ನುಸುಳದು. ಬೆವರಿನ ಆವಿ ಹಾದುಹೋಗುತ್ತದೆ. ಈಗ ಬಹುತೇಕ ಕಂಪನಿಗಳಿಗೆ ತಮ್ಮದೇ ಪೊರೆ ಇದೆ. ವರ್ಷಕ್ಕೆ ನಾಲ್ಕಾರು ಸಲ ನಡೆಯುವ ಹುಡುಗನಿಗೆ ಆ ಅಗ್ಗದ ಪೊರೆಯೇ ಸಾಕು, ದೊಡ್ಡ ಹೆಸರಿಗೆ ಹಣ ಸುರಿಯಬೇಕಿಲ್ಲ. ಲೇಬಲ್ಲಿನಲ್ಲಿ 'ವಾಟರ್‌ಪ್ರೂಫ್' ಎಂದೇ ಇರಬೇಕು, 'ವಾಟರ್ ರೆಸಿಸ್ಟೆಂಟ್' ಎಂದರೆ ತುಂತುರಿಗಷ್ಟೇ ತಡೆ. ಇನ್ನೊಂದನ್ನು ಕೈಯಿಂದಲೇ ನೋಡಬೇಕು. ಲೇಸು ಬಿಚ್ಚಿ ಬೂಟಿನ ನಾಲಿಗೆಯನ್ನು ಎಳೆದಾಗ ಅದರ ಎರಡೂ ಅಂಚು ಬದಿಗಳಿಗೆ ಮಡಿಕೆಯಾಗಿ ಹೊಲಿದಿರಬೇಕು. ಹೊಲಿಗೆ ಎಲ್ಲಿಗೆ ನಿಂತಿದೆಯೋ ಅಷ್ಟೇ ಎತ್ತರದವರೆಗೆ ನೀರಿಗೆ ತಡೆ.

ಇನ್ನು ಸೈಜು. ಎಚ್ಚರ ಹೆಚ್ಚು ಬೇಕಾದದ್ದು ಇಲ್ಲಿಯೇ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯ ಹೆಣ್ಣುಮಕ್ಕಳ ಪಾದ ಸರಾಸರಿ ಹನ್ನೊಂದನೇ ವಯಸ್ಸಿಗೆ, ಗಂಡುಮಕ್ಕಳದು ಹದಿನೈದು ಹದಿನಾರಕ್ಕೆ ಪೂರ್ತಿ ಅಳತೆ ಮುಟ್ಟುತ್ತದೆ ಎಂದು ಅದರಿಂದ ಕಂಡುಬಂತು. ಪಾಶ್ಚಾತ್ಯರ ಪಾದಕ್ಕಿಂತ ನಮ್ಮವರದು ಅಗಲ ಎಂಬುದೂ ತಿಳಿಯಿತು. ಕೊಳ್ಳುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಬೇರೆ ಇಲ್ಲ. ಹದಿನಾಲ್ಕರ ಮಗಳ ಕಾಲು ಬಹುಮಟ್ಟಿಗೆ ಬೆಳೆದು ನಿಂತಿರುತ್ತದೆ. ಅವಳಿಗೆ ದೊಡ್ಡ ಸೈಜು ಕೊಳ್ಳುವುದರಲ್ಲಿ ಅರ್ಥವೇ ಇಲ್ಲ, ಒಂದಿಷ್ಟು ಹೆಚ್ಚು ಕೊಟ್ಟು ಬಾಳಿಕೆಯ ಬೂಟು ಕೊಡಿಸಿದರೆ ಸಿಲ್ವರ್, ಗೋಲ್ಡ್‌ವರೆಗೂ ಬಂದೀತು. ಅದೇ ವಯಸ್ಸಿನ ಮಗನದು ಇನ್ನೂ ಬೆಳೆಯುವ ಕಾಲು, ಅವನಿಗೆ ಒಂದು ಋತುವಿಗೆ ಸಾಕಾಗುವ ಅಗ್ಗದ ಜೋಡಿಯೇ ಜಾಣತನ. ಇದು ಸರಾಸರಿಯ ಮಾತು. ಕೊಳ್ಳುವ ಮೊದಲು ಮಗುವನ್ನು ಸಂಜೆ ಹೊತ್ತು ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲ್ ಎಳೆದು ಅಳೆಯಬೇಕು. ಎರಡು ಕಾಲೂ ಒಂದೇ ಅಳತೆ ಇರುವುದು ಅಪರೂಪ, ದೊಡ್ಡದರ ಅಳತೆಯೇ ಲೆಕ್ಕಕ್ಕೆ.

ಊರಿನಲ್ಲಿ ನಾವು ಹೇಳುತ್ತಿದ್ದ ಆರು, ಏಳು ಎಂಬ ಸೈಜು ಬ್ರಿಟಿಷರದೇ ಆದ್ದರಿಂದ ಇಲ್ಲಿ ಲೆಕ್ಕ ಬದಲಾಗುವುದಿಲ್ಲ. ಒಂದು ಸೈಜಿನಿಂದ ಇನ್ನೊಂದಕ್ಕೆ ಒಂದು ಬಾರ್ಲಿ ಕಾಳಿನಷ್ಟು, ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ನಮ್ಮ ಶಿಲ್ಪಿಗಳೂ ಅಂಗುಲವನ್ನು ಎಂಟು ಯವ, ಅದೇ ಜವೆ ಕಾಳಿನಿಂದ ಅಳೆದವರು. ನಡಿಗೆಯ ಬೂಟಿನಲ್ಲಿ ಹೆಬ್ಬೆರಳ ಮುಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಇರಲೇಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಬಡಿಯುತ್ತದೆ. ಪಾದವನ್ನು ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವುದೇ ಎಂದು ನೋಡುವುದು ಸುಲಭದ ಪರೀಕ್ಷೆ. ಬೆಳೆಯುವ ಕಾಲಿಗೆ ಇದರ ಮೇಲೆ ಅರ್ಧ ಸೈಜು ಹೆಚ್ಚು ಕೊಡಬಹುದು, ದಪ್ಪ ಕಾಲ್ಚೀಲ ಅದನ್ನು ತುಂಬುತ್ತದೆ. ಎರಡು ಸೈಜು ದೊಡ್ಡದಾದರೆ ಹೆಜ್ಜೆಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತದೆ, ಬೊಬ್ಬೆ ಖಂಡಿತ. ಹತ್ತಿ ತುರುಕುವ ಉಪಾಯ ಇಲ್ಲಿ ನಡೆಯದು. ಪಾದ ಅಗಲವಾಗಿದ್ದರೆ ಉದ್ದ ಹೆಚ್ಚಿಸುವ ಬದಲು 'ವೈಡ್ ಫಿಟ್' ಕೇಳಬೇಕು. ಹುಡುಗಿಯರು ಹುಡುಗರ ಬೂಟನ್ನೂ ಹಾಕಿ ನೋಡಬಹುದು, ಅವು ಸಾಮಾನ್ಯವಾಗಿ ಅಗಲ.

ಬೆಲೆಯ ವಿಷಯಕ್ಕೆ ಬಂದರೆ, ಡೆಕಾಥ್ಲಾನ್, ಮೌಂಟನ್ ವೇರ್‌ಹೌಸ್, ಗೋ ಔಟ್‌ಡೋರ್ಸ್‌ನಂಥ ಕಡೆ ಮಕ್ಕಳ ಸೈಜಿನ ನೀರುತಡೆ ಬೂಟು ಸಾಮಾನ್ಯವಾಗಿ ಮೂವತ್ತು, ನಲವತ್ತು ಪೌಂಡಿನ ಆಸುಪಾಸು ಸಿಗುತ್ತದೆ. ಮಕ್ಕಳ ಪಾದರಕ್ಷೆಗೆ ಇಲ್ಲಿ ವ್ಯಾಟ್ ಇಲ್ಲ. ದೊಡ್ಡವರ ಸೈಜಿಗೆ ಶೇಕಡಾ 20. ಎರಡರ ಗಡಿಯಲ್ಲಿರುವ ಕಾಲಿಗೆ ಮೊದಲು ಮಕ್ಕಳ ವಿಭಾಗದಲ್ಲೇ ಹುಡುಕಬೇಕು. ಆನ್‌ಲೈನ್‌ನಲ್ಲಿ ಕೊಂಡರೆ ತಲುಪಿದ ಮೇಲೆ ಹದಿನಾಲ್ಕು ದಿನದೊಳಗೆ ಬೇಡವೆನ್ನುವ ಹಕ್ಕು ಕಾನೂನಿನಲ್ಲೇ ಇದೆ. ಬೂಟು ಬಂದ ಕೂಡಲೇ ಹೊರಗೆ ಹಾಕಿಕೊಂಡು ಓಡದೆ, ಮನೆಯೊಳಗೆ ಕಾರ್ಪೆಟ್ ಮೇಲೆ ಒಂದು ಗಂಟೆ ನಡೆದು, ಮೆಟ್ಟಿಲು ಹತ್ತಿ ಇಳಿದು ನೋಡಬೇಕು.

ಚಾರಿಟಿ ಅಂಗಡಿಗಳಲ್ಲಿ ಹಳೆಯ ಬೂಟು ಇನ್ನೂ ಅಗ್ಗ. ಆದರೆ ಅಟ್ಟೆಯ ಮೇಲಿನ ಮೆತ್ತೆ ಪಾಲಿಯುರೆಥೇನ್‌ನದಾಗಿದ್ದರೆ ಗಾಳಿಯ ತೇವಕ್ಕೇ ವರ್ಷಗಳಲ್ಲಿ ಹಳಸಿ ಪುಡಿಯಾಗುತ್ತದೆ, ಹಾಕದೆ ಕಪಾಟಿನಲ್ಲಿಟ್ಟರೂ. ಹೆಬ್ಬೆರಳಿನಿಂದ ಒತ್ತಿದಾಗ ಬಿರುಕು ಕಂಡರೆ ಬಿಡುವುದು ಒಳ್ಳೆಯದು. ಹಣ ಉಳಿಸಲು ಇನ್ನೊಂದು ದಾರಿಯೂ ಇದೆ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಹಿಡಿಸುವ ವಯಸ್ಸು ಈ ಹದಿಹರೆಯವೇ ಅಲ್ಲವೇ? ಮಗ ಅಪ್ಪನ ಸೈಜಿಗೆ ಬಂದ ಮನೆಯಲ್ಲಿ ಇಬ್ಬರಿಗೂ ಆಗುವ ಒಂದೇ ಒಳ್ಳೆಯ ಜೋಡಿ ಕೊಳ್ಳಬಹುದು.

ನಡೆದು ಬಂದ ಬೂಟನ್ನು ರೇಡಿಯೇಟರ್ ಮೇಲೆ ಒಣಗಿಸಬಾರದು, ಅಟ್ಟೆಯ ಅಂಟು ಬಿಡುತ್ತದೆ, ತೊಗಲು ಬಿರಿಯುತ್ತದೆ. ಕೆಸರು ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಗಾಳಿಯಾಡುವ ಕಡೆ ಇಟ್ಟರಾಯಿತು.

ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಒಂದೆರಡು ನಡಿಗೆಗಷ್ಟೇ ಹಾಕಿದ, ಈಗ ಕಾಲಿಗೆ ಬಿಗಿಯಾದ ಬೂಟು ಮೂಲೆಯಲ್ಲಿರುವುದು ಸಾಮಾನ್ಯ. ಯುಗಾದಿಗೆ ನಮ್ಮ ಕನ್ನಡ ಕೂಟಕ್ಕೆ ಬರುವಾಗ ಅದನ್ನು ತೊಳೆದು, ಒಣಗಿಸಿ, ಸೈಜು ಮತ್ತು ಕೊಂಡ ವರ್ಷ ಬರೆದ ಚೀಟಿ ಕಟ್ಟಿ ತನ್ನಿ. ಈಚೆಗಷ್ಟೇ ಬಂದಿಳಿದ ಮನೆಯೊಂದರ ಮಗು ವಸಂತದ ನಡಿಗೆಗೆ ಅದನ್ನೇ ಹಾಕಿಕೊಂಡು ಹೊರಡಲಿ.