ಮೊದಲು ಬೆಳಕಿಗೆ ದುಡ್ಡು ಹಾಕಿ

ಕ್ಯಾಮೆರಾ ಕೊಂಡ ಆರೇಳು ತಿಂಗಳಿಗೆ ಎಂಥವರಿಗೂ ಒಂದು ಚಡಪಡಿಕೆ ಶುರುವಾಗುತ್ತದೆ. ಫೋಟೊ ಅಂದುಕೊಂಡ ಹಾಗೆ ಬರುತ್ತಿಲ್ಲ, ಲೆನ್ಸ್ ಬದಲಿಸಬೇಕು, ಆಗದಿದ್ದರೆ ಬಾಡಿಯನ್ನೇ ಬದಲಿಸಬೇಕು. ಇಎಂಐ ಲೆಕ್ಕ ಹಾಕಿಕೊಂಡೇ ಸಲಹೆ ಕೇಳಲು ಬರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಐವತ್ತು ಸಾವಿರದ ಲೆನ್ಸ್ ಆಮೇಲೆ ನೋಡೋಣ, ಮೊದಲು ಹದಿನೈದು ಸಾವಿರಕ್ಕೆ ಬೆಳಕು ತಗೋ.

ಫ್ಲ್ಯಾಶ್ ಎಂದರೆ ಹಲವರು ಮುಖ ಸಿಂಡರಿಸುತ್ತಾರೆ. ಅದು ಕ್ಯಾಮೆರಾದ ತಲೆಯ ಮೇಲೇ ಕೂತಿದ್ದರೆ ಮುಖ ಚಪ್ಪಟೆ, ಹಣೆಯೆಲ್ಲ ಜಿಡ್ಡು, ಹಿಂದಿನ ಗೋಡೆಗೆ ಕಪ್ಪು ನೆರಳು. ಅದೇ ಫ್ಲ್ಯಾಶನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಪಕ್ಕಕ್ಕೆ ಸರಿಸಿ, ಬಿಳಿ ಅಂಬ್ರೆಲಾ ಮೂಲಕ ಬೆಳಕು ಹಾಯಿಸಿ ನೋಡಿ. ನಮ್ಮ ಚಿಕ್ಕಮ್ಮ ಮನೆಯಲ್ಲೇ ಚಕ್ಕುಲಿ ಮಾಡಿ ಮಾರುತ್ತಾರೆ. ವಾಟ್ಸಾಪಿಗೆ ಹಾಕಲು ಫೋಟೊ ತೆಗೆದುಕೊಡು ಎಂದಾಗ ಊಟದ ಮೇಜಿನ ಮೇಲೆ ತಟ್ಟೆ ಇಟ್ಟು, ಅದರ ಹಿಂದೆ ಎಡಗಡೆಗೆ ಫ್ಲ್ಯಾಶ್ ನಿಲ್ಲಿಸಿದೆ, ಮುಂದೆ ಬಲಕ್ಕೆ ಒಂದು ತುಂಡು ಥರ್ಮಾಕೋಲ್ ಒರಗಿಸಿದೆ. ಓರೆಯಾಗಿ ಬಿದ್ದ ಬೆಳಕಿಗೆ ಚಕ್ಕುಲಿಯ ಒಂದೊಂದು ಮುಳ್ಳೂ ಎದ್ದು ಕಂಡಿತು, ನಡುವೆ ಸಿಕ್ಕಿಕೊಂಡ ಎಳ್ಳೂ ಕಂಡಿತು. ಲೆನ್ಸ್ ಮಾತ್ರ ಕ್ಯಾಮೆರಾದ ಜೊತೆ ಬಂದದ್ದೇ. ಥರ್ಮಾಕೋಲ್ ಹೊಸ ಮಿಕ್ಸಿಯ ಡಬ್ಬದಲ್ಲಿ ಬಂದದ್ದು.

ನನ್ನ ಖರ್ಚಿನ ಲೆಕ್ಕ ಹೀಗಿತ್ತು. ಗೋಡಾಕ್ಸ್ ಟಿಟಿ600 ಫ್ಲ್ಯಾಶಿಗೆ ಆರು ಸಾವಿರದ ಆಸುಪಾಸು, ಕ್ಯಾಮೆರಾ ಮೇಲೆ ಕೂರುವ ರೇಡಿಯೊ ಟ್ರಿಗರ್‌ಗೆ ಹೆಚ್ಚುಕಡಿಮೆ ಐದು, ಸ್ಟ್ಯಾಂಡ್, ಕ್ಲಾಂಪ್, ಅಂಬ್ರೆಲಾ ಸೇರಿ ಎರಡರಿಂದ ಎರಡೂವರೆ, ಉಳಿದದ್ದು ರೀಚಾರ್ಜ್ ಸೆಲ್ ಮತ್ತು ಚಾರ್ಜರ್‌ಗೆ. ಕ್ಯಾಮೆರಾ ಕಂಪನಿಯವರ ದೊಡ್ಡ ಫ್ಲ್ಯಾಶ್ ಒಂದೇ ಇದರ ಎರಡು ಮೂರು ಪಟ್ಟು ಆಗುತ್ತದೆ. ಆ ಹೆಚ್ಚುವರಿ ದುಡ್ಡಿನ ಒಂದು ಪಾಲು ಹೋಗುವುದು ಟಿಟಿಎಲ್‌ಗೆ, ಅಂದರೆ ಬೆಳಕು ಎಷ್ಟು ಬೇಕೆಂದು ಕ್ಯಾಮೆರಾವೇ ಲೆಕ್ಕ ಹಾಕುವ ಸೌಕರ್ಯಕ್ಕೆ. ಮದುವೆ ಮಂಟಪದಲ್ಲಿ ಓಡಾಡುವವರಿಗೆ ಅದು ಬೇಕು, ಒಪ್ಪುತ್ತೇನೆ. ಕೂತ ಮುಖಕ್ಕೆ, ತಟ್ಟೆಯ ಚಕ್ಕುಲಿಗೆ ಯಾಕೆ? ಒಂದು ಫೋಟೊ ಹೊಡೆದು ಸ್ಕ್ರೀನ್ ನೋಡಿ, ಹೆಚ್ಚಾಯಿತೆನಿಸಿದರೆ ಪವರ್ ಅರ್ಧಕ್ಕೆ ಇಳಿಸಿದರಾಯಿತು. ಈ ಫ್ಲ್ಯಾಶಿನಲ್ಲಿ ಪೂರ್ತಿ ಪವರ್‌ನಿಂದ 1/128ರವರೆಗೆ ಹೀಗೆ ಅರ್ಧರ್ಧ ಇಳಿಸಬಹುದು.

ಹಣದ ದೃಷ್ಟಿಯಿಂದ ನನಗೆ ಇನ್ನೊಂದು ಸಂಗತಿ ಮುಖ್ಯ. ಇಂಥ ಮ್ಯಾನ್ಯುಯಲ್ ಫ್ಲ್ಯಾಶ್ ಸ್ಟ್ಯಾಂಡಿನ ಮೇಲೆ ನಿಂತಾಗ ಅದಕ್ಕೆ ಕ್ಯಾಮೆರಾದ ಜಾತಿ ಇಲ್ಲ. ನಾಳೆ ಕ್ಯಾನನ್ ಮಾರಿ ಸೋನಿ ಕೊಂಡರೂ ಬದಲಿಸಬೇಕಾದದ್ದು ಟ್ರಿಗರ್ ಒಂದನ್ನೇ. ಬಾಡಿಯ ಬೆಲೆ ಹೊಸ ಮಾಡೆಲ್ ಬಂದ ದಿನವೇ ಕುಸಿಯುತ್ತದೆ. ಸ್ಟ್ಯಾಂಡ್, ಅಂಬ್ರೆಲಾಗಳಿಗೆ ಹೊಸ ಮಾಡೆಲಿನ ಹಂಗೇ ಇಲ್ಲ.

ಕಡಿಮೆ ಪವರ್‌ನ ಫ್ಲ್ಯಾಶ್ ಸಾಲುವುದೇ ಎಂಬ ಅನುಮಾನ ಬರುತ್ತದೆ. ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಹತ್ತಿರ ಬಂದಷ್ಟೂ ಅಂಬ್ರೆಲಾ ಮುಖಕ್ಕೆ ದೊಡ್ಡದಾಗುತ್ತದೆ, ನೆರಳು ಮೆತ್ತಗಾಗುತ್ತದೆ. ಪೂರ್ತಿ ಪವರ್‌ನಲ್ಲಿ ಒಂದು ಸೆಟ್ ಸೆಲ್ಲಿಗೆ ಸುಮಾರು 230 ಸಲ ಎಂದು ಕಂಪನಿ ಹೇಳುತ್ತದೆ. 1/8ರಲ್ಲಿ ಹೊಡೆದರೆ ಒಂದು ನಾಮಕರಣ ಆರಾಮವಾಗಿ ಮುಗಿಯುತ್ತದೆ. ಅಂಗಡಿಯ ಬಳಸಿ ಬಿಸಾಡುವ ಸೆಲ್ ಇದಕ್ಕೆ ಹಾಕಿದರೆ ಚಾರ್ಜರ್‌ನಲ್ಲಿ ಉಳಿಸಿದ ದುಡ್ಡು ಕೆಲವೇ ತಿಂಗಳಲ್ಲಿ ಕರಗುತ್ತದೆ.

ಜಿಪುಣತನ ಮಾಡಬಾರದ ಜಾಗ ಸ್ಟ್ಯಾಂಡ್. ಅಂಬ್ರೆಲಾ ಕಟ್ಟಿದ ಮೇಲೆ ಅದು ಹಾಯಿಪಟವೇ ಸರಿ, ಫ್ಯಾನ್ ಗಾಳಿಗೂ ವಾಲುತ್ತದೆ. ಕಾಲಿಗೆ ಐದು ಕೆಜಿ ಮರಳಿನ ಚೀಲ ಇರಲಿ. ಅದಕ್ಕೂ ಬ್ರ್ಯಾಂಡ್ ಹೆಸರಲ್ಲಿ ಸಾವಿರ ಕೇಳುವವರಿದ್ದಾರೆ. ಹಳೆಯ ಅಕ್ಕಿ ಚೀಲ ಮಾಡುವ ಕೆಲಸವೂ ಅದೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯೇ ನೋಡಿ, ಪೂರ್ತಿ ಪವರ್‌ನಲ್ಲಿ ನಾಲ್ಕೈದು ಸಲ ಹೊಡೆಸಿ. ರೀಲ್ ಕಾಲದ ಫ್ಲ್ಯಾಶ್ ಐನೂರಕ್ಕೆ ಸಿಕ್ಕಿತೆಂದು ನೇರವಾಗಿ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವು ಕಾಂಟ್ಯಾಕ್ಟಿಗೆ 200 ವೋಲ್ಟ್ ದಾಟಿಸುತ್ತವೆ, ಕ್ಯಾಮೆರಾದ ಸರ್ಕ್ಯೂಟ್ ಸುಟ್ಟರೆ ರಿಪೇರಿಗೆ ಸಾವಿರಗಟ್ಟಲೆ.

ಮಧ್ಯಾಹ್ನದ ಬಿಸಿಲಿಗೆ ಎದುರು ನಿಲ್ಲುವ ತಾಕತ್ತು ಈ ಪುಟ್ಟ ಫ್ಲ್ಯಾಶಿಗಿಲ್ಲ. ಹೊರಗಡೆ ದೊಡ್ಡ ಗುಂಪಿನ ಫೋಟೊ ಒಪ್ಪಿಕೊಂಡ ದಿನ ನಾನು ದೊಡ್ಡ ಬ್ಯಾಟರಿ ಲೈಟ್ ಬಾಡಿಗೆಗೆ ತಂದು, ಆ ಬಾಡಿಗೆಯನ್ನು ಬಿಲ್ಲಿಗೇ ಸೇರಿಸುತ್ತೇನೆ. ಹಾಗೆ ಮತ್ತೆ ಮತ್ತೆ ತರಬೇಕಾಗಿ ಬಂದರೆ ಎರಡನೇ ಲೈಟ್ ಕೊಳ್ಳಬಹುದು. ಆದರೆ ಅದೂ ಮೊದಲಿನ ಕಂಪನಿಯದೇ ಆಗಿರಲಿ. ಯಾಂಗ್‌ನುವೊ ಟ್ರಿಗರ್ ಗೋಡಾಕ್ಸ್ ಫ್ಲ್ಯಾಶನ್ನು ಹೊಡೆಸುವುದಿಲ್ಲ, ಇನ್ನೊಂದು ಟ್ರಿಗರ್‌ಗೆಂದು ಮತ್ತೆ ಜೇಬಿಗೆ ಕೈ ಹಾಕಬೇಕಾಗುತ್ತದೆ.