ಸ್ವಾಸ್ಥ್ಯವೂ ವಿದ್ಯಾರ್ಜನೆಯೂ

‘ಸ್ವಸ್ಥ’ ಎಂಬ ಶಬ್ದಕ್ಕೆ ತನ್ನಲ್ಲಿ ತಾನು ನೆಲೆನಿಂತವನೆಂದು ಅರ್ಥ. ಸುಶ್ರುತಾಚಾರ್ಯನು ಇದನ್ನು ನಿರ್ವಚಿಸುವಾಗ ದೋಷ, ಅಗ್ನಿ, ಧಾತುಗಳ ಸಮತೆಯನ್ನು ಹೇಳಿ ಅಷ್ಟಕ್ಕೇ ನಿಲ್ಲದೆ, ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿರುವನು. ವೈದ್ಯರಿಗಿಂತ ಮೊದಲು ಉಪಾಧ್ಯಾಯರು ಇದನ್ನು ಮನನಮಾಡತಕ್ಕದ್ದೆಂದು ನನ್ನ ಅಭಿಪ್ರಾಯ. ಏಕೆಂದರೆ, ‘ಮಂದಮತಿ’ಗಳೆಂದು ನಾವು ಹಿಂದಿನ ಸಾಲಿಗೆ ಕಳುಹಿಸುವ ಬಾಲಕರಲ್ಲಿ ಅನೇಕರಿಗೆ ಮತಿಮಾಂದ್ಯವಿಲ್ಲ, ಹಸಿವಿದೆ, ನಿದ್ರೆಯ ಕೊರತೆಯಿದೆ, ಅಥವಾ ಕರಿಹಲಗೆಯ ಅಕ್ಷರವೇ ಕಾಣದಂತಹ ದೃಷ್ಟಿದೋಷವಿದೆ.

ಹಸಿವಿನ ಮಾತು ನಮ್ಮ ನಾಡಿಗೆ ಹೊಸದಲ್ಲ. ಮಠಗಳಲ್ಲಿ ಅನ್ನ, ಅಕ್ಷರ, ಆಶ್ರಯಗಳು ಒಂದೇ ಸೂರಿನಡಿ ದೊರೆಯುತ್ತ ಬಂದುದು ಕೇವಲ ಧರ್ಮಬುದ್ಧಿಯಿಂದಲ್ಲ. ಉಣ್ಣದ ಮಗುವಿಗೆ ವ್ಯಾಕರಣ ಹತ್ತದೆಂಬ ಅನುಭವದಿಂದಲೂ ಹೌದು. 2002ರಲ್ಲಿ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದೆಡೆಗೂ ಹಬ್ಬಿದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದು ಉಚಿತವೇ ಆಗಿದೆ. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನನಾದ ಬಾಲಕನು ಬೇಗನೆ ಬಳಲುತ್ತಾನೆ. ಅವನ ಅವಧಾನವು ಪಾಠದಲ್ಲಿ ನಿಲ್ಲದು. ನಿಲಯದ ಪಾಕಶಾಲೆಯವರು ಸೊಪ್ಪು, ಕಾಳುಗಳ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಆ ಅಂಶವು ಮೈಗೆ ಹೆಚ್ಚಾಗಿ ಹತ್ತುವುದು. ಊಟವಾದೊಡನೆ ಕೊಡುವ ಚಹವು ಅದನ್ನೇ ತಡೆಯುವುದು.

ಇನ್ನು ನಿದ್ರೆ. ಪರೀಕ್ಷೆ ಸಮೀಪಿಸಿತೆಂದರೆ ರಾತ್ರಿ 11ರವರೆಗೆ ಓದಿಸಿ, ಬೆಳಗಿನ 4ಕ್ಕೆ ಗಂಟೆ ಬಾರಿಸುವ ಪದ್ಧತಿ ಅನೇಕ ವಸತಿನಿಲಯಗಳಲ್ಲಿದೆ. ದಾನಿಗಳು ಇದನ್ನು ಶಿಸ್ತೆಂದು ಮೆಚ್ಚುವುದೂ ಉಂಟು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಮತ. ಹಗಲು ಓದಿದುದು ಸ್ಮೃತಿಯಲ್ಲಿ ನೆಲೆಯೂರುವುದು ನಿದ್ರೆಯಲ್ಲಿಯೇ. ಐದೇ ಗಂಟೆ ಮಲಗಿದವನು ಓದಿದುದನ್ನು ಉಳಿಸಿಕೊಳ್ಳುವ ಬಗೆಯೆಂತು? ಪ್ರಾತಃಕಾಲದ ಪ್ರಾರ್ಥನೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು 5ಕ್ಕೆ ಇರಲಿ, ದೀಪವು 9ಕ್ಕೇ ಆರಲಿ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ದೈಹಿಕ ದಂಡನೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟ ನಾವು, ಕಡಿಮೆ ಅಂಕ ಪಡೆದವರ ಹೆಸರನ್ನು ಸಭೆಯಲ್ಲಿ ಓದಿಹೇಳುವುದನ್ನು ಮಾತ್ರ ಬಿಟ್ಟಿಲ್ಲ.

ಕಡೆಯದಾಗಿ ದಾನಿಗಳಲ್ಲೊಂದು ಬಿನ್ನಹ. ಕೊಠಡಿಯ ಕಲ್ಲಿನ ಮೇಲೆ ಕೆತ್ತಿಸುವಂತೆ ಕನ್ನಡಕದ ಮೇಲೆ ಹೆಸರನ್ನು ಕೆತ್ತಿಸಲಾಗದು, ನಿಜ. ಆದರೂ ಶಾಲೆ ತೆರೆದ ಮೊದಲ ಮಾಸದಲ್ಲಿಯೇ ನೇತ್ರವೈದ್ಯರನ್ನು ಬರಮಾಡಿಕೊಳ್ಳುವ ಏರ್ಪಾಡಾಗಲಿ. ಪರೀಕ್ಷೆಯು ಹಿಂದಿನ ಸಾಲಿನವರಿಂದಲೇ ಆರಂಭವಾಗಲಿ.