ಹಬ್ಬದ ತಿಂಗಳಲ್ಲಿ ಮನೆಮಂದಿಯೆಲ್ಲ ಸೇರಿ ಋಣ ನೆನೆಯುವ ಬಗೆ

ನವರಾತ್ರಿಯ ಪಾಡ್ಯದಿಂದ ಬಲಿಪಾಡ್ಯಮಿಗೆ ಸರಿಯಾಗಿ ಒಂದು ಚಾಂದ್ರಮಾಸ. ಈ ಒಂದು ತಿಂಗಳಲ್ಲಿ ನಮ್ಮವರು ಯಾವುದಕ್ಕೆಲ್ಲ ಕೈಮುಗಿಯುತ್ತಾರೆ ನೋಡಿ. ಸರಸ್ವತಿ ಪೂಜೆಗೆ ಪುಸ್ತಕ, ಆಯುಧಪೂಜೆಗೆ ನೇಗಿಲು-ಕುಡುಗೋಲಿನಿಂದ ಹಿಡಿದು ಸ್ಕೂಟರು, ಲ್ಯಾಪ್‌ಟಾಪಿನವರೆಗೆ, ವಿಜಯದಶಮಿಗೆ ಬನ್ನಿ ಮರ. ಅದಾದ ಐದಾರು ದಿನಕ್ಕೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ; ತೆನೆ ಕಟ್ಟುವ ಗದ್ದೆಯನ್ನು ಬಸುರಿ ಹೆಣ್ಣೆಂದೇ ಬಗೆದು ಬಯಕೆಯೂಟ ಬಡಿಸುತ್ತಾರೆ. ದೀಪಾವಳಿ ಬಂದರೆ ನೀರು ತುಂಬಿದ ಹಂಡೆಗೂ ಪೂಜೆ, ಕೊಟ್ಟಿಗೆಯ ಹಸುವಿಗೂ ಪೂಜೆ. ಉಪಕಾರಕ್ಕೆ ಬಂದ ಪ್ರತಿಯೊಂದನ್ನೂ ನೆನೆಯುವ ಇಂಥ ತಿಂಗಳು ಕೈಯಲ್ಲಿರುವಾಗ ಮಕ್ಕಳಿಗೆ ಕೃತಜ್ಞತೆ ಕಲಿಸಲು ಬೇರೆ ಪಾಠ ಹುಡುಕಬೇಕಿಲ್ಲ. ಈ ಸಾಲಿಗೆ ನಾವು ಮನುಷ್ಯರನ್ನೂ ಸೇರಿಸಿಕೊಳ್ಳಬೇಕು, ಅಷ್ಟೆ. ನಮ್ಮ ಬದುಕನ್ನು ನಡೆಸಿಕೊಡುತ್ತಿರುವವರು ಯಾರು, ಅವರಿಗೆ ನಿಜಕ್ಕೂ ಬೇಕಾದದ್ದೇನು ಎಂದು ಕೇಳಿ ತಿಳಿದು ಕೊಡುವ ಕೆಲಸವನ್ನು ದಸರಾ ರಜೆಯಲ್ಲಿ ಮಕ್ಕಳ ಜೊತೆ ಹೀಗೆ ಮಾಡಬಹುದು.

ಮೊದಲು ಹೆಸರುಗಳ ಪಟ್ಟಿ

ರಜೆಯ ಮೊದಲ ವಾರದ ಒಂದು ಸಂಜೆ ಎಲ್ಲರೂ ನೋಟ್‌ಬುಕ್ ಹಿಡಿದು ಕೂರಿ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಮಗಾಗಿ ದುಡಿಯುವವರು ಯಾರ್ಯಾರು? ಹಾಲು ಹಾಕುವವರು, ಪೇಪರ್ ಹಾಕುವ ಹುಡುಗ, ಕಸದ ಗಾಡಿಯ ಪೌರಕಾರ್ಮಿಕರು, ಪಾತ್ರೆ ತೊಳೆಯಲು ಬರುವ ಅಕ್ಕ, ಶಾಲೆಯ ವ್ಯಾನ್ ಡ್ರೈವರ್, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆ, ಲೈನ್‌ಮನ್, ನೀರು ಬಿಡುವ ವಾಟರ್‌ಮನ್. ಬರೆಯುವ ಕೆಲಸ ಮಕ್ಕಳದ್ದೇ ಆಗಲಿ. ಷರತ್ತು ಒಂದೇ: ಪ್ರತಿಯೊಬ್ಬರ ಹೆಸರೂ ಇರಬೇಕು. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಟ್ಟು, ಮರುದಿನ ಮಕ್ಕಳೇ ಹೋಗಿ ವಿನಯದಿಂದ ಕೇಳಿಕೊಂಡು ಬರಲಿ.

ಹೆಸರಿನ ಪಕ್ಕದಲ್ಲಿ ಇನ್ನೊಂದು ವಿಷಯ ಬರೆದುಕೊಳ್ಳಿ: ಅವರ ಮನೆಯ ದೊಡ್ಡ ಹಬ್ಬ ಯಾವುದು? ಎಲ್ಲರಿಗೂ ಅದು ದೀಪಾವಳಿಯೇ ಆಗಿರುವುದಿಲ್ಲ. ಕೆಲವರಿಗೆ ರಂಜಾನ್, ಕೆಲವರಿಗೆ ಕ್ರಿಸ್‌ಮಸ್, ಹಲವರಿಗೆ ಊರ ಮಾರಿಜಾತ್ರೆ. ನಾವು ಕೊಡುವುದು ಅವರ ಹಬ್ಬಕ್ಕೆ ಒದಗಬೇಕು.

ಅಜ್ಜ-ಅಜ್ಜಿಯನ್ನು ಕೇಳಿ

ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ಒಂದು ಕೆಲಸ ಕೊಡಿ. ಅಜ್ಜನನ್ನು ಕೂರಿಸಿಕೊಂಡು ಅವರು ಕೇಳಲಿ: "ನೀವು ಓದಿದ್ದು ಯಾರ ಅನ್ನ ಉಂಡು?" ಉತ್ತರಗಳು ದೊಡ್ಡವರನ್ನೂ ಬೆರಗುಗೊಳಿಸುತ್ತವೆ. ಎಂಬತ್ತು ದಾಟಿದ ಕೆಲವರು ವಾರಾನ್ನದ ಕತೆ ಹೇಳುತ್ತಾರೆ. ಓದಲೆಂದು ಪರಊರಿಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಪರೀಕ್ಷೆ ಪಾಸು ಮಾಡುತ್ತಿದ್ದ ಕಾಲ ಅದು. ಕೆಲವರು ಮಠದ ಉಚಿತ ಪ್ರಸಾದ ನಿಲಯವನ್ನು ನೆನೆಯುತ್ತಾರೆ. ದೇವರಾಜ ಅರಸರ ಕಾಲದಲ್ಲಿ ಹೆಚ್ಚಿದ ಹಿಂದುಳಿದ ವರ್ಗದ ಹಾಸ್ಟೆಲಿನಲ್ಲಿ ಇದ್ದು ಓದಿದವರೂ ಇದ್ದಾರೆ. ವಾರಾನ್ನ ಬಹುಪಾಲು ಜಾತಿಯ ಒಳಗೇ ನಡೆಯುತ್ತಿತ್ತು, ಎಲ್ಲ ಮಕ್ಕಳಿಗೂ ಅದು ದಕ್ಕಲಿಲ್ಲ ಎಂಬುದನ್ನೂ ಮಕ್ಕಳಿಗೆ ಮುಚ್ಚಿಡದೆ ಹೇಳಿ. ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಹಿರಿಮೆ ಆಗ ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಅಜ್ಜಿಯನ್ನು ಕೇಳಬೇಕಾದದ್ದು ಬೇರೆ: "ನಿಮ್ಮ ಹೆರಿಗೆ ಮಾಡಿಸಿದವರು ಯಾರು?" ಆಸ್ಪತ್ರೆ ದೂರವಿದ್ದ ದಿನಗಳಲ್ಲಿ ನಮ್ಮಲ್ಲಿ ಎಷ್ಟೋ ಜನರ ತಂದೆ ತಾಯಿಯನ್ನು ಭೂಮಿಗೆ ತಂದವರು ಊರಿನ ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮೂರಿನ ನರಸಮ್ಮ ಯಾರಾಗಿದ್ದರು? ಅವರಿಲ್ಲದಿದ್ದರೂ ಮಗಳೋ ಮೊಮ್ಮಗಳೋ ಇದ್ದಾರು. ಅವರ ಮನೆಗೆ ಹೋಗಿ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು "ನಿಮ್ಮ ಅಜ್ಜಿಯ ಕೈಯಲ್ಲಿ ಹುಟ್ಟಿದವರ ಮಕ್ಕಳು ನಾವು" ಎಂದು ಹೇಳಿ ಬನ್ನಿ. ನನ್ನ ಮಟ್ಟಿಗೆ ಇಡೀ ರಜೆಯಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸ ಇದೇ.

ಮುಂದಿನ ಹೆಜ್ಜೆ ಈ ಉತ್ತರಗಳಿಂದಲೇ ಹೊರಡಲಿ. ಅಪ್ಪ ಓದಿದ ಸರ್ಕಾರಿ ಶಾಲೆ, ಅಜ್ಜ ಉಂಡ ಹಾಸ್ಟೆಲು, ಅಮ್ಮ ಪುಸ್ತಕ ತಂದು ಓದುತ್ತಿದ್ದ ಊರ ಗ್ರಂಥಾಲಯ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಕೊಡುವ ಮುನ್ನ ಕೇಳಿ

ನಾವು ಎಡವುವುದು ಹೆಚ್ಚಾಗಿ ಇಲ್ಲಿ. ನಮ್ಮಲ್ಲಿ ಮಿಕ್ಕಿದ್ದನ್ನು ಕೊಡುತ್ತೇವೆ, ಅವರಿಗೆ ಬೇಕಾದದ್ದನ್ನು ಕೇಳುವುದಿಲ್ಲ. ಹಬ್ಬದ ದಿನ ಮಕ್ಕಳ ಆಶ್ರಮಗಳಿಗೆ ಡಬ್ಬಿಗಟ್ಟಲೆ ಸಿಹಿ ಬರುತ್ತದೆ. ಅದೇ ಮಕ್ಕಳಿಗೆ ಸರಿಯಳತೆಯ ಚಪ್ಪಲಿ ಇರುವುದಿಲ್ಲ. ಮೊದಲು ಫೋನ್ ಮಾಡಿ ವಾರ್ಡನ್ ಅವರನ್ನು ಕೇಳಿ. ಒಳ ಉಡುಪು, ಸ್ಯಾನಿಟರಿ ನ್ಯಾಪ್‌ಕಿನ್, ಸೊಳ್ಳೆಪರದೆ, ಬೆಡ್‌ಶೀಟು, ಟೂತ್‌ಪೇಸ್ಟು ಎಂಬ ಉತ್ತರ ಬರಬಹುದು. ವೃದ್ಧಾಶ್ರಮಕ್ಕೆ ಸಿಹಿ ಒಯ್ಯುವ ಮುನ್ನವೂ ಕೇಳಿ. ಸಕ್ಕರೆ ಕಾಯಿಲೆ ಇರುವವರೇ ಅಲ್ಲಿ ಬಹಳ. ದೊಡ್ಡವರ ಡೈಪರು, ಬಿಪಿ ಮಾತ್ರೆ, ಹೊದಿಕೆ ಅವರಿಗೆ ಹೆಚ್ಚು ಒದಗುತ್ತವೆ.

ಹೋಗುವ ದಿನವನ್ನೂ ಯೋಚಿಸಿ ಆರಿಸಿ. ಹಬ್ಬದ ದಿನ ಎಲ್ಲರೂ ಬರುತ್ತಾರೆ, ಹಬ್ಬ ಮುಗಿದ ಮೂರನೆಯ ವಾರ ಯಾರೂ ಬರುವುದಿಲ್ಲ. ಆಗ ಹೋಗಿ. ಇಡೀ ಮಧ್ಯಾಹ್ನ ಕೂತು ಮಾತಾಡಿ, ಕೇರಂ ಆಡಿ, ಹಾಡಿ ಬನ್ನಿ. ಫೋಟೊ ಮಾತ್ರ ಬೇಡ. ಪಾಲನೆಯ ಅಗತ್ಯವಿರುವ ಮಕ್ಕಳ ಗುರುತನ್ನು ಯಾವುದೇ ಮಾಧ್ಯಮದಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆಂದು ಹಾಕಿದ ಚಿತ್ರವೂ ತೊಂದರೆ ತಂದೀತು. ಕಾನೂನು ಒತ್ತಟ್ಟಿಗಿರಲಿ, ಲಾಡು ಹಿಡಿದು ನಿಂತ ಆ ಹುಡುಗನ ಜಾಗದಲ್ಲಿ ನಮ್ಮ ಮಗ ನಿಂತಿದ್ದರೆ ಆ ಚಿತ್ರ ನಾಲ್ಕು ಜನ ನೋಡುವುದು ನಮಗೆ ಒಪ್ಪಿಗೆಯೇ ಎಂದು ಯೋಚಿಸಬೇಕು.

ಶಾಲೆಗೆ ಕೊಡುವುದಾದರೆ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯವರನ್ನೂ ಕಾಣಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿಯೇ ಸಿಗುತ್ತದೆ, ಹಳೆಯ ಪಠ್ಯ ಅಲ್ಲಿ ಉಪಯೋಗಕ್ಕೆ ಬಾರದು. ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಆಟದ ಸಾಮಾನು, ಶೌಚಾಲಯದ ನಲ್ಲಿ ರಿಪೇರಿಯಂಥವು ಬೇಕಾಗಿರುತ್ತವೆ. ಕತೆ ಪುಸ್ತಕಗಳಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ, ಹಳ್ಳಿಯ ಮಕ್ಕಳು ಅಲ್ಲಿ ಬಂದು ಓದುತ್ತಾರೆ.

ಬಟ್ಟೆ ಕೊಡುವಾಗ ಒಗೆದು, ಗುಂಡಿ ಹೊಲಿದು, ಜಿಪ್ ಸರಿಮಾಡಿ, ಇಸ್ತ್ರಿ ಹಾಕಿ, ಅಳತೆಯ ಪ್ರಕಾರ ಬೇರೆ ಬೇರೆ ಕಟ್ಟಿ. ಹರಿದದ್ದು ಬೇಡ. ಈ ಕೆಲಸದಲ್ಲಿ ಹತ್ತು ವರ್ಷದ ಮಗುವೂ ಚೆನ್ನಾಗಿ ಕೈಜೋಡಿಸುತ್ತದೆ.

ಊಟದ ವಿಷಯಕ್ಕೆ ಬಂದರೆ, ಉಂಡು ಮಿಕ್ಕಿದ್ದನ್ನು ಸಂಜೆ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಅಡುಗೆಗೆ ಇಡುವಾಗಲೇ ಪಾವು ಅಕ್ಕಿ ಹೆಚ್ಚು ಹಾಕಿ, ನೈವೇದ್ಯವಾದ ಕೂಡಲೇ ಮನೆಯವರು ಕೂರುವ ಮುನ್ನ ಕಟ್ಟಿ ಕೊಡಿ. ಪುಳಿಯೋಗರೆ, ಹೋಳಿಗೆ ತಡೆಯುತ್ತವೆ. ಕೋಸಂಬರಿ, ಕಾಯಿಚಟ್ನಿ, ಪಾಯಸ ಬೇಗ ಹಳಸುತ್ತವೆ. ಮಾಡಿದ ಎರಡು ಗಂಟೆಯೊಳಗೆ ಅವರ ಕೈಸೇರುವಂತಿದ್ದರೆ ಮಾತ್ರ ಕೊಡಿ.

ದುಡ್ಡಿನ ಮಾತು ಮಕ್ಕಳ ಮುಂದೆಯೇ ಆಗಲಿ

ಈ ಹಬ್ಬಕ್ಕೆ ಬಟ್ಟೆಗೆಷ್ಟು, ಪಟಾಕಿಗೆಷ್ಟು, ಕೊಡುಗೆಗೆಷ್ಟು ಎಂದು ಎಲ್ಲರೂ ಕೂತು ಲೆಕ್ಕ ಹಾಕಿ. ಕೊಡುಗೆಯ ಹಣದಲ್ಲಿ ಒಂದು ಪಾಲು ಮಕ್ಕಳ ಪಟಾಕಿ ದುಡ್ಡಿನಿಂದ ಬರಲಿ, ಎಷ್ಟೆಂದು ಅವರೇ ಹೇಳಲಿ. ಬಲವಂತ ಬೇಡ. ಇಷ್ಟರಿಂದ ಏನಾದೀತು ಎಂದು ಮಕ್ಕಳು ಕೇಳಿದರೆ ಹರೇಕಳ ಹಾಜಬ್ಬರ ವಿಷಯ ಹೇಳಿ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದ ಅವರು, ಸ್ವತಃ ಶಾಲೆಯ ಮುಖ ಕಾಣದವರು, ದುಡಿದ ಪುಡಿಗಾಸು ಕೂಡಿಟ್ಟು ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. 2020ರಲ್ಲಿ ದೇಶ ಅವರಿಗೆ ಪದ್ಮಶ್ರೀ ಘೋಷಿಸಿತು.

ಸಂಸ್ಥೆಗೆ ಹಣ ಕೊಟ್ಟರೆ ರಶೀದಿ ಪಡೆಯಿರಿ. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಮನೆಕೆಲಸದವರಿಗೆ ಕೊಡುವ ಬೋನಸ್ ಹಬ್ಬದ ದಿನ ಬೇಡ, ಒಂದು ವಾರ ಮುಂಚೆ ಕೊಡಿ. ಅವರಿಗೂ ಸಂತೆಗೆ ಹೋಗಿ ಮಕ್ಕಳಿಗೆ ಬಟ್ಟೆ ತರುವುದಿರುತ್ತದೆ. ಹಬ್ಬದ ದಿನ ಸಂಬಳ ಸಹಿತ ರಜೆ ಕೊಡಿ. ನಮಗೆ ಬಂದ ಸ್ವೀಟ್ ಬಾಕ್ಸನ್ನು ಅವರ ಕೈಗೆ ದಾಟಿಸಿದರೆ ಅದು ಬೋನಸ್ ಆಗುವುದಿಲ್ಲ.

ಆಯುಧಪೂಜೆಯ ಮರುದಿನ

ಬೂದುಗುಂಬಳ ಒಡೆದ ರಸ್ತೆ, ಒಣಗಿದ ಬಾಳೆಕಂದು, ಮಾವಿನ ತೋರಣ, ಹೂವಿನ ರಾಶಿ. ಇದನ್ನೆಲ್ಲ ಎತ್ತುವವರು ಪಟ್ಟಿಯಲ್ಲಿ ನಾವು ಹೆಸರು ಬರೆದ ಪೌರಕಾರ್ಮಿಕರೇ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಕ್ಕೆ ಶುಭಾಶಯ ಕಳಿಸಿದ ನಾವು ಕುಂಬಳದ ಹೋಳನ್ನು ಒಡೆದ ದಿನವೇ ಬದಿಗೆ ಸರಿಸಿ ಗುಡಿಸಬೇಕು. ಬೈಕಿನವರು ಅದರ ಮೇಲೆ ಜಾರಿ ಬೀಳುವುದೂ ತಪ್ಪುತ್ತದೆ. ಹೂವು, ಬಾಳೆ ಹಸಿ ಕಸಕ್ಕೆ. ದೀಪಾವಳಿಯಲ್ಲಿ ಪಟಾಕಿಯ ಕಾಗದವನ್ನು ನೀರು ಚಿಮುಕಿಸಿ ಬೇರೆಯಾಗಿ ಕಟ್ಟಿ. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ.

ಬನ್ನಿ ಹಿಡಿದು ಮನೆಮನೆಗೆ

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎನ್ನುವುದು ಎಲ್ಲರಿಗೂ ಗೊತ್ತು. ಹಿರಿಯರ ಕಾಲಿಗೆ ಎರಗುವುದು, ಮುನಿಸು ಮರೆಯುವುದು ಆ ಸಂಜೆಯ ರೂಢಿ. ನೀವು ಯಾವ ಸೀಮೆಯವರಾದರೂ ಸರಿ, ಅಂದು ಸಂಜೆ ಮಕ್ಕಳನ್ನು ಕರೆದುಕೊಂಡು ಪಟ್ಟಿಯಲ್ಲಿರುವವರ ಮನೆಗೇ ಹೋಗಿ. ಅವರು ನಮ್ಮ ಬಾಗಿಲಿಗೆ ಬರುವುದು ದಿನವೂ ಇದ್ದದ್ದೇ. ಮಗು ಎರಡೂ ಕೈಯಿಂದ ಬನ್ನಿ ಕೊಟ್ಟು, ಅಕ್ಕ, ಅಣ್ಣ, ಅಜ್ಜಿ ಎಂದು ಕರೆದು, ಅವರು ಮಾಡಿದ ಒಂದು ಉಪಕಾರವನ್ನು ಬಾಯಿಬಿಟ್ಟು ಹೇಳಲಿ: "ಮಳೆ ಬಂದ ದಿನ ನನ್ನನ್ನು ಬಾಗಿಲವರೆಗೆ ಬಿಟ್ಟಿರಲ್ಲ, ಅಣ್ಣ." ಅವರು ಚಹಾ ಕೊಟ್ಟರೆ ಕುಡಿಯಿರಿ, ಕೂತ್ಕೊಳ್ಳಿ ಎಂದರೆ ಕೂತು ಬನ್ನಿ.

ಮನೆಯ ದೊಡ್ಡವರ ಪಾಲು

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ರಜೆಯಲ್ಲಿ ಕಾಲೇಜುಗಳು ಮುಚ್ಚಿರುವುದರಿಂದ ಶಿಬಿರಗಳೂ ಕಡಿಮೆ. ಪ್ಲೇಟ್‌ಲೆಟ್ ಐದೇ ದಿನ ಉಳಿಯುತ್ತದೆ, ಆದ್ದರಿಂದ ಹಬ್ಬದ ತಿಂಗಳಲ್ಲಿ ಕೊಟ್ಟ ರಕ್ತಕ್ಕೆ ಬೆಲೆ ಹೆಚ್ಚು. 18ರಿಂದ 65 ವಯಸ್ಸಿನ, ಕನಿಷ್ಠ 45 ಕಿಲೊ ತೂಕದ, 12.5 ಗ್ರಾಂ ಹಿಮೋಗ್ಲೋಬಿನ್ ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ನವರಾತ್ರಿಯ ಉಪವಾಸದ ದಿನ ಹೋಗಬೇಡಿ, ಹೊಟ್ಟೆ ತುಂಬ ಉಂಡು ಹೋಗಿ. ಮಕ್ಕಳು ಜೊತೆಗಿದ್ದು ನೋಡಲಿ.

ಇನ್ನೊಂದು ಮಾತನ್ನು ಮನೆಯವರೆಲ್ಲ ಸೇರಿದಾಗಲೇ ಆಡಿಬಿಡಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು, ದೀಪಾವಳಿಗೆ ಇನ್ನೊಂದು ವಾರವಿರುವಾಗ, ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅಂಥ ದುಃಖದಲ್ಲೂ ಮನೆಯವರು ಒಪ್ಪಿದ್ದರಿಂದ ಅದು ಆಯಿತು. ಬದುಕಿದ್ದಾಗ ಬರೆದುಕೊಟ್ಟಿದ್ದರೂ ಆ ಹೊತ್ತಿಗೆ ಮನೆಯವರು ಹೂಂ ಎನ್ನಬೇಕು, ಆದ್ದರಿಂದ ನಿಮ್ಮ ಇಚ್ಛೆಯನ್ನು ಎಲ್ಲರೆದುರು ಹೇಳಿಡಿ. ಕನ್ನಡಕ ಹಾಕುವವರೂ ಸಕ್ಕರೆ ಕಾಯಿಲೆಯವರೂ ಪೊರೆ ತೆಗೆಸಿಕೊಂಡವರೂ ಕಣ್ಣು ಕೊಡಬಹುದು. ಆರು ಗಂಟೆಯೊಳಗೆ ತೆಗೆಯಬೇಕು; ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯಡಿ ದಿಂಬು ಕೊಡಬೇಕು. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಎಲ್ಲರೂ ಫೋನಿನಲ್ಲಿ ಇಟ್ಟುಕೊಳ್ಳಿ.

ಹಿಡಿ ಅಕ್ಕಿಯ ಡಬ್ಬಿ

ಹಬ್ಬ ಮುಗಿದ ಮೇಲೂ ಮುಂದುವರಿಯಲು ಹಳೆಯ ರೂಢಿಯೊಂದಿದೆ. ಹಿಂದೆ ಎಷ್ಟೋ ಮನೆಗಳಲ್ಲಿ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಮಠಕ್ಕೋ ಹಾಸ್ಟೆಲಿಗೋ ಎಂದು ತೆಗೆದಿಡುತ್ತಿದ್ದರು. ಬಲಿಪಾಡ್ಯಮಿಯ ದಿನ ಒಂದು ಡಬ್ಬಿಯನ್ನು ಮಕ್ಕಳ ಕೈಯಲ್ಲೇ ಇಡಿಸಿ. ಮಕ್ಕಳ ಹಿಡಿಯಲ್ಲಿ ನಲವತ್ತು ಐವತ್ತು ಗ್ರಾಂ ಬಂದರೂ ಸಂಕ್ರಾಂತಿಯ ಹೊತ್ತಿಗೆ ಮೂರು ನಾಲ್ಕು ಕಿಲೊ ಆಗುತ್ತದೆ. ನಾಲ್ಕು ಮನೆ ಸೇರಿದರೆ ಹನ್ನೆರಡರಿಂದ ಹದಿನಾರು ಕಿಲೊ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಜನವರಿ 21ನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಆಚರಿಸುತ್ತದೆ. ಅಜ್ಜ ಉಂಡ ಹಾಸ್ಟೆಲಿಗೋ ಮಠಕ್ಕೋ ಆವತ್ತು ತಲುಪಿಸಿ. ಡಬ್ಬಿಗೆ ನಾಲ್ಕು ಬೇವಿನೆಲೆ ಹಾಕಿಟ್ಟರೆ ಹುಳು ಹಿಡಿಯುವುದಿಲ್ಲ. ಹೊರಡುವ ಮುನ್ನ ಅವರಿಗೆ ಅಕ್ಕಿಯೇ ಬೇಕೋ, ಬೇಳೆಯೋ ಎಣ್ಣೆಯೋ ಎಂದು ಕೇಳಿ ತಿಳಿದುಕೊಳ್ಳಿ.